ಹೆಚ್ಚು-ಕಡಿಮೆಯ ವಿವೇಕ: ದ್ರಾವಣದಲ್ಲಿಯೂ ಸ್ನಾಯುವಿನಲ್ಲಿಯೂ

ಆನವಟ್ಟಿ, ಶಿರಾಳಕೊಪ್ಪ, ಸೊರಬ, ಶಿಕಾರಿಪುರಗಳಂತಹ ಅರೆಮಲೆನಾಡಿನ ಊರುಗಳಲ್ಲಿ ವೈದ್ಯರ ಬಾಗಿಲಿಗೆ ಬರುವವರಲ್ಲಿ ಹಲವರು ತಮ್ಮ ವ್ಯಾಧಿಯ ಲಕ್ಷಣವನ್ನು ನಿವೇದಿಸುವುದಕ್ಕೆ ಮೊದಲೇ ಅದಕ್ಕೆ ತಕ್ಕ ಚಿಕಿತ್ಸೆಯನ್ನು ತಾವೇ ನಿಶ್ಚಯಿಸಿಕೊಂಡು ಬಂದಿರುತ್ತಾರೆ. "ಬಾಳ ಸುಸ್ತು, ಕೈಕಾಲು ಜೋಲುಬಿದ್ದಾವೆ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಬಿಡಿ ಸಾರ್" ಎಂಬುದು ಗದ್ದೆ ನಾಟಿಯ ಕಾಲದಲ್ಲಿಯೂ ಶುಂಠಿ ಕೀಳುವ ಕಾಲದಲ್ಲಿಯೂ ಸಮಾನವಾಗಿ ಕೇಳಿಬರುವ ಕೋರಿಕೆ. ಇದನ್ನು ಅಜ್ಞಾನವೆಂದು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಇದರ ಗರ್ಭದಲ್ಲಿ ಒಂದು ಸಿದ್ಧಾಂತವೇ ಅಡಗಿದೆಯೆಂಬುದನ್ನು ಕಂಡವರು ಹಾಗೆ ನಗಲಾರರು. ಶರೀರದ ಸತ್ವವು ದ್ರವರೂಪವಾದುದು, ಅದು ತೆಳುವಾದಾಗ ಅಂಗಾಂಗಗಳು ಸಡಿಲವಾಗುತ್ತವೆ, ದಟ್ಟವಾದಾಗ ಬಿಗಿಯಾಗುತ್ತವೆ, ಆದುದರಿಂದ ಸತ್ವವುಳ್ಳ ದ್ರವವೊಂದನ್ನು ರಕ್ತದೊಳಕ್ಕೆ ಹೊಯ್ದರೆ ಸಡಿಲವಾದ ಮಾಂಸಖಂಡವು ಮರಳಿ ಬಿಗುವನ್ನು ಪಡೆಯಲೇಬೇಕು ಎಂಬುದೇ ಆ ಸಿದ್ಧಾಂತ.

ವಿಜ್ಞಾನದ ಪರಿಭಾಷೆಯೂ ಮೇಲುನೋಟಕ್ಕೆ ಈ ನಂಬಿಕೆಗೆ ಸಾಕ್ಷಿ ನುಡಿಯುವಂತೆಯೇ ತೋರುತ್ತದೆ. ಸಿರೆಯೊಳಕ್ಕೆ ಹೊಯ್ಯುವ ದ್ರಾವಣಗಳನ್ನು ವೈದ್ಯರು ಹೈಪೊಟಾನಿಕ್ ಎಂದೂ ಹೈಪರ್‌ಟಾನಿಕ್ ಎಂದೂ ವಿಂಗಡಿಸುತ್ತಾರೆ; ಅವರೇ, ಕಂಕುಳಿಗೆ ಕೈಕೊಟ್ಟು ಎತ್ತಿದರೆ ಜಾರಿಬೀಳುವಂತೆ ಸಡಿಲವಾಗಿರುವ ಶಿಶುವಿನ ಸ್ನಾಯುಗಳನ್ನು ಹೈಪೊಟಾನಿಕ್ ಎಂದೂ, ಪಾರ್ಶ್ವವಾಯು ಬಡಿದ ಕೆಲವು ವಾರಗಳ ಮೇಲೆ ಬಿಡಿಸಲಾಗದಂತೆ ಪೆಡಸಾದ ತೋಳನ್ನು ಹೈಪರ್‌ಟಾನಿಕ್ ಎಂದೂ ಕರೆಯುತ್ತಾರೆ. ಆದರೆ ಹೆಸರು ಒಂದಾದ ಮಾತ್ರಕ್ಕೆ ವಸ್ತುವೂ ಒಂದೇ ಆಗಬೇಕಾದುದಿಲ್ಲ. ದ್ರಾವಣದ ಹೆಚ್ಚು-ಕಡಿಮೆಯು ಪೊರೆಯೊಂದರ ಎರಡು ಮಗ್ಗುಲುಗಳ ನಡುವಣ ತಾರತಮ್ಯ; ಸ್ನಾಯುವಿನ ಹೆಚ್ಚು-ಕಡಿಮೆಯಾದರೋ ನರಮಂಡಲವು ಆ ಸ್ನಾಯುವಿನಲ್ಲಿ ನೆಲೆಗೊಳಿಸಿದ ಬಿಗುವಿಗೂ ಆ ವಯಸ್ಸಿಗೆ, ಆ ಅವಸ್ಥೆಗೆ ಸಹಜವಾದ ಬಿಗುವಿಗೂ ನಡುವಣ ತಾರತಮ್ಯ. ಎರಡೆಡೆಯಲ್ಲಿಯೂ ಮೊದಲು ಕೇಳತಕ್ಕ ಪ್ರಶ್ನೆಯೊಂದೇ: ಯಾವುದಕ್ಕಿಂತ ಹೆಚ್ಚು, ಯಾವುದಕ್ಕಿಂತ ಕಡಿಮೆ? ಉತ್ತರಗಳು ಮಾತ್ರ ಬೇರೆ ಬೇರೆ ಲೋಕಗಳಿಗೆ ಸೇರಿದವು. ಈ ಪ್ರಶ್ನೆಯನ್ನೇ ಎತ್ತದೆ ಕೈಗೊಂಡ ಚಿಕಿತ್ಸೆ ಬಹುಮಟ್ಟಿಗೆ ವ್ಯರ್ಥವೂ ಒಮ್ಮೊಮ್ಮೆ ಅಪಾಯಕರವೂ ಆಗುತ್ತದೆಯೆಂಬುದೇ ಇಲ್ಲಿನ ಪ್ರತಿಪಾದ್ಯ.

ದ್ರಾವಣದ ವಿಷಯವನ್ನು ಮೊದಲು ಪರಿಶೀಲಿಸೋಣ. ಅಪ್ಪೆಮಿಡಿಯ ಉಪ್ಪಿನಕಾಯಿಗೆ ಹೆಸರಾದ ಸೀಮೆಯವರಾದ ನಮಗೆ ಇದರ ಪ್ರಯೋಗಶಾಲೆ ಮನೆಯ ಅಟ್ಟದ ಮೇಲೆಯೇ ಇದೆ. ಎಳೆಯ ಮಿಡಿಗಳನ್ನು ಭರಣಿಯಲ್ಲಿ ಕಲ್ಲುಪ್ಪಿನೊಡನೆ ಪದರಪದರವಾಗಿ ತುಂಬಿ, ತೊಟ್ಟು ನೀರನ್ನೂ ಹಾಕದೆ ಬಾಯಿ ಕಟ್ಟಿಟ್ಟರೆ, ಕೆಲವು ದಿನಗಳಲ್ಲಿ ಮಿಡಿಗಳು ಚಿರುಟಿ, ಅವುಗಳ ಒಳಗಿನ ನೀರೇ ಉಪ್ಪುನೀರಾಗಿ ಭರಣಿಯಲ್ಲಿ ಮೇಲೇರಿ ನಿಲ್ಲುತ್ತದೆ. ಇದಕ್ಕೆ ವಿಪರೀತವಾದ ಕ್ರಿಯೆಯೂ ಅಷ್ಟೇ ಪರಿಚಿತ: ಸಂತೆಯಿಂದ ತಂದ ಕೊತ್ತಂಬರಿ ಸೊಪ್ಪು ದಾರಿಯಲ್ಲಿ ಬಾಡಿದ್ದರೆ ಅದರ ಬೇರನ್ನು ತಿಳಿನೀರಿನಲ್ಲಿಟ್ಟೊಡನೆ ಸ್ವಲ್ಪ ಹೊತ್ತಿನಲ್ಲಿಯೇ ಎಲೆಗಳು ಸೆಟೆದು ನಿಲ್ಲುತ್ತವೆ. ಜೀವಕೋಶವನ್ನು ಸುತ್ತುವರಿದ ತೆಳುವಾದ ಪೊರೆ ನೀರನ್ನು ಸುಲಭವಾಗಿ ಹಾಯಗೊಡುತ್ತದೆ, ಕರಗಿದ ಉಪ್ಪನ್ನು ಹಾಗೆ ಹಾಯಗೊಡದು. ಆದಕಾರಣ ಕರಗಿದ ಪದಾರ್ಥ ಯಾವ ಕಡೆ ಹೆಚ್ಚಾಗಿದೆಯೋ ಆ ಕಡೆಗೆ ನೀರು ಹರಿಯುತ್ತದೆ. ಹೊರಗಿನ ದ್ರಾವಣವು ಕೋಶದಿಂದ ನೀರನ್ನು ಸೆಳೆದುಕೊಂಡು ಅದನ್ನು ಕುಗ್ಗಿಸುವುದಾದರೆ ಹೈಪರ್‌ಟಾನಿಕ್. ಕೋಶದೊಳಕ್ಕೆ ನೀರು ನುಗ್ಗಿ ಅದು ಉಬ್ಬುವುದಾದರೆ ಹೈಪೊಟಾನಿಕ್. ಎರಡೂ ಆಗದೆ ಕೋಶವು ತನ್ನ ಆಕಾರದಲ್ಲಿಯೇ ಉಳಿಯುವುದಾದರೆ ಐಸೊಟಾನಿಕ್, ಎಂದರೆ ಸಮ. ಈ ಹರಿವಿಗೆ ಅಭಿಸರಣವೆಂದು ಹೆಸರು.

ಈ ತತ್ತ್ವದ ಇತಿಹಾಸವೂ ಬೋಧಪ್ರದವಾದುದು. ಫ್ರಾನ್ಸಿನ ಪಾದ್ರಿ ನೊಲೆ 1748ರಲ್ಲಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟಾಗ ಪೊರೆ ಹೊರಕ್ಕೆ ಉಬ್ಬಿಬಂದುದನ್ನು ಕಂಡನು. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1880ರ ದಶಕದಲ್ಲಿ, ಹಾಲೆಂಡಿನ ಸಸ್ಯಶಾಸ್ತ್ರಜ್ಞ ಹ್ಯೂಗೊ ಡಿ ವ್ರೀಸ್ ಸಸ್ಯಕೋಶಗಳು ಕುಗ್ಗುವ ಮೊದಲ ಕ್ಷಣವನ್ನೇ ಅಳತೆಗೋಲಾಗಿ ಹಿಡಿದು ಬೇರೆ ಬೇರೆ ದ್ರಾವಣಗಳನ್ನು ಹೋಲಿಸಿದನು. ಅವನ ದೇಶೀಯನಾದ ಹ್ಯಾಂಬರ್ಗರ್ ಅದೇ ವಿಧಾನವನ್ನು ರಕ್ತದ ಕೆಂಪು ಕಣಗಳಿಗೆ ಅನ್ವಯಿಸಿದನು. ಡಿ ವ್ರೀಸನ ಮಾತಿನಿಂದ ಈ ವಿಷಯಕ್ಕೆ ಮನಸ್ಸು ಕೊಟ್ಟ ರಸಾಯನಶಾಸ್ತ್ರಜ್ಞ ವಾಂಟ್ ಹಾಫ್ ಇದರ ಗಣಿತವನ್ನು 1887ರ ಹೊತ್ತಿಗೆ ನಿರೂಪಿಸಿ, ಮುಂದೆ 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕವನ್ನು ಪಡೆದನು. ಇವರಲ್ಲಿ ಡಿ ವ್ರೀಸನೂ ಹ್ಯಾಂಬರ್ಗರನೂ ದ್ರಾವಣವನ್ನು ಅಳೆದುದು ಜೀವಂತ ಕೋಶವನ್ನು ಸಾಕ್ಷಿಯಾಗಿಟ್ಟುಕೊಂಡು ಎಂಬುದು ನಮ್ಮ ವಾದಕ್ಕೆ ಮುಖ್ಯ. ಸಾಕ್ಷಿಯಾದ ಕೋಶವನ್ನು ಹೆಸರಿಸದೆ ದ್ರಾವಣವನ್ನು ಹೆಚ್ಚಿನದೆಂದಾಗಲಿ ಕಡಿಮೆಯದೆಂದಾಗಲಿ ಹೇಳುವಂತಿಲ್ಲ.

ಲೀಟರು ನೀರಿಗೆ 9 ಗ್ರಾಂ ಉಪ್ಪು ಸೇರಿದ ದ್ರಾವಣವು ನಮ್ಮ ರಕ್ತಕಣಕ್ಕೆ ಸಮವಾದುದು. ಆಸ್ಪತ್ರೆಯ ‘ನಾರ್ಮಲ್ ಸಲೈನ್’ ಎಂಬುದು ಅದೇ. ಅದರ ಅರ್ಧದಷ್ಟು ಉಪ್ಪುಳ್ಳದ್ದು ಹೈಪೊಟಾನಿಕ್, ಶೇಕಡಾ 3ರದ್ದು ಹೈಪರ್‌ಟಾನಿಕ್. ಮಳೆಗಾಲದಲ್ಲಿ ಗದ್ದೆಯಲ್ಲಿ ನಿಂತ ತಿಳಿನೀರು ಭತ್ತದ ಬೇರಿನ ಕೋಶಕ್ಕೆ ಹೈಪೊಟಾನಿಕ್ ಆಗಿರುವುದರಿಂದಲೇ ಪೈರು ಸೆಟೆದು ನಿಲ್ಲುತ್ತದೆ, ಏಕೆಂದರೆ ಸಸ್ಯಕೋಶದ ಹೊರಗೋಡೆ ಉಬ್ಬನ್ನು ತಡೆದು ಹಿಡಿಯುತ್ತದೆ. ಅದೇ ನೀರಿಗೆ ಬಿದ್ದ ಕೆಂಪು ರಕ್ತಕಣವಾದರೋ, ಗೋಡೆಯಿಲ್ಲದ ಕಾರಣ, ಉಬ್ಬಿ ಒಡೆದುಹೋಗುತ್ತದೆ. ಒಂದಕ್ಕೆ ಆರೋಗ್ಯವಾದುದು ಇನ್ನೊಂದಕ್ಕೆ ಮೃತ್ಯು. ‘ಹೈಪೊ’ ಎಂಬುದು ದೋಷವನ್ನೂ ‘ಹೈಪರ್’ ಎಂಬುದು ಗುಣವನ್ನೂ ಸೂಚಿಸುವುದಿಲ್ಲ, ಅಥವಾ ಅದರ ವಿಪರ್ಯಯವನ್ನೂ ಸೂಚಿಸುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಕರಗಿದ ಕಣಗಳ ಒಟ್ಟು ಎಣಿಕೆಯನ್ನು ಮಾತ್ರ ನೋಡಿ ತೀರ್ಪು ಕೊಡುವಂತಿಲ್ಲ. ಪೊರೆಯನ್ನು ದಾಟಲಾರದೆ ಹೊರಗುಳಿಯುವ ಕಣಗಳೇ ನೀರಿನ ಹರಿವನ್ನು ನಿರ್ಧರಿಸತಕ್ಕವು. ಯೂರಿಯಾವನ್ನು ರಕ್ತಕ್ಕೆ ಸರಿಸಮನಾದ ಎಣಿಕೆಯಲ್ಲಿ ಕರಗಿಸಿ ಅದರಲ್ಲಿ ಕೆಂಪು ಕಣಗಳನ್ನು ಹಾಕಿದರೆ, ಯೂರಿಯಾ ಪೊರೆಯನ್ನು ದಾಟಿ ಒಳಹೊಕ್ಕು, ಅದರ ಹಿಂದೆಯೇ ನೀರೂ ನುಗ್ಗಿ, ಕಣಗಳು ಒಡೆಯುತ್ತವೆ: ಎಣಿಕೆಯಲ್ಲಿ ಸಮವಾದುದು ವರ್ತನೆಯಲ್ಲಿ ಹೈಪೊಟಾನಿಕ್ ಆಯಿತು. ನಮ್ಮ ಜನ ಕೇಳಿ ಹಾಕಿಸಿಕೊಳ್ಳುವ ಗ್ಲೂಕೋಸಿನ ಕಥೆಯೂ ಇದಕ್ಕೆ ಸಮೀಪವಾದುದೇ. ಶೇಕಡಾ 5ರ ಗ್ಲೂಕೋಸ್ ದ್ರಾವಣವು ಬಾಟ್ಲಿಯಲ್ಲಿರುವ ತನಕ ರಕ್ತಕ್ಕೆ ಹೆಚ್ಚುಕಡಿಮೆ ಸಮ. ಶರೀರವನ್ನು ಹೊಕ್ಕ ಮೇಲೆ ಕೋಶಗಳು ಸಕ್ಕರೆಯನ್ನು ಹೀರಿ ಉರಿಸಿಬಿಡುವುದರಿಂದ ಉಳಿಯುವುದು ಬರಿಯ ನೀರು. ಆಗ ಅದು ಫಲತಃ ಹೈಪೊಟಾನಿಕ್. ಇನ್ನು ಅದರಲ್ಲಿರುವ ಸತ್ವವೆಷ್ಟು? ಅರ್ಧ ಲೀಟರಿನ ಬಾಟ್ಲಿಯಲ್ಲಿ ಸಕ್ಕರೆ 25 ಗ್ರಾಂ. ಅದರಿಂದ ದೊರೆಯುವ ಶಕ್ತಿ 100 ಕ್ಯಾಲೊರಿಗೆ ಮೀರದು. ಒಂದು ಬಟ್ಟಲು ಪಾಯಸ ಅದಕ್ಕಿಂತ ಹೆಚ್ಚಿನದನ್ನು ಕೊಟ್ಟೀತು. ಬಾಯಿಂದ ಉಣ್ಣಲು ಶಕ್ತನಾದ ಮನುಷ್ಯನು ದುಡಿಮೆಯ ಕೂಲಿಯನ್ನು ತೆತ್ತು ಸೂಜಿಯ ಮೂಲಕ ಐದು ಚಮಚ ಸಕ್ಕರೆಯನ್ನು ಪಡೆದು, ಶಕ್ತಿ ಬಂದಿತೆಂದು ಸಂತುಷ್ಟನಾಗಿ ಮನೆಗೆ ಮರಳುವುದು ನಮ್ಮ ಕಾಲದ ವಿಚಿತ್ರಗಳಲ್ಲೊಂದು.

ದ್ರಾವಣದ ತಾರತಮ್ಯವನ್ನು ಅರಿತುದರಿಂದ ಪ್ರಾಣಗಳು ಉಳಿದುದಕ್ಕೂ ಅರಿಯದುದರಿಂದ ಹೋದುದಕ್ಕೂ ಕಾಲರಾ ರೋಗದ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನ ಬೇರೆಯಿಲ್ಲ. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲ್ಯಾಟಾ ಎಂಬ ವೈದ್ಯನು ಮರಣೋನ್ಮುಖರಾದ ಕಾಲರಾ ರೋಗಿಗಳ ಸಿರೆಗೆ ಉಪ್ಪುನೀರನ್ನು ಹೊಯ್ದಾಗ ಕೆಲವರು ಎದ್ದು ಕುಳಿತರು. ಆದರೆ ಅವನ ದ್ರಾವಣದಲ್ಲಿ ಉಪ್ಪು ರಕ್ತಕ್ಕೆ ಬೇಕಾದುದಕ್ಕಿಂತ ಬಹಳ ಕಡಿಮೆಯಿತ್ತು, ಹಲವರು ಮತ್ತೆ ಕುಸಿದರು, ಆ ವಿಧಾನವೂ ಮೂಲೆಗೆ ಬಿದ್ದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ಬುದ್ಧಿಪೂರ್ವಕವಾಗಿ ಹೈಪರ್‌ಟಾನಿಕ್ ಉಪ್ಪುನೀರನ್ನು ಬಳಸಿದಾಗ ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಕೊನೆಗೆ 1971ರಲ್ಲಿ, ಬಾಂಗ್ಲಾದೇಶದ ನಿರಾಶ್ರಿತರು ಕಿಕ್ಕಿರಿದಿದ್ದ ಬನಗಾಂವ್ ಶಿಬಿರದಲ್ಲಿ, ಸಿರೆಗೆ ಹೊಯ್ಯುವ ದ್ರವ ತೀರುತ್ತ ಬಂದಾಗ, ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸಕ್ಕರೆ, ಸೋಡಾಗಳನ್ನು ನೀರಿನಲ್ಲಿ ಬೆರೆಸಿ ರೋಗಿಗಳಿಗೆ ಕುಡಿಸಿದರು. ಶೇಕಡಾ 30ರ ಸಮೀಪದಲ್ಲಿದ್ದ ಮರಣವು 4ಕ್ಕಿಂತ ಕೆಳಗೆ ಬಂದಿತು. ಕರುಳಿನ ಗೋಡೆಯಲ್ಲಿ ಉಪ್ಪಿನ ಸೋಡಿಯಮ್ಮೂ ಸಕ್ಕರೆಯ ಗ್ಲೂಕೋಸೂ ಜೊತೆಗೂಡಿ ಒಳಸೇರುತ್ತವೆ, ಅವುಗಳ ಬೆನ್ನಿಗೆ ನೀರೂ ಹೋಗುತ್ತದೆ ಎಂಬ, ರಾಬರ್ಟ್ ಕ್ರೇನ್ 1960ರಲ್ಲಿ ಪ್ರತಿಪಾದಿಸಿದ ತತ್ತ್ವವೇ ಇದರ ಆಧಾರ.

ಓಆರ್‌ಎಸ್ ಎಂದು ಇಂದು ಅಂಗನವಾಡಿಗಳಲ್ಲಿಯೂ ಆಶಾ ಕಾರ್ಯಕರ್ತೆಯರ ಚೀಲಗಳಲ್ಲಿಯೂ ದೊರೆಯುವ ಪುಡಿ ಇದರ ಸಂತಾನವೇ. ಅದರ ಸಾಂದ್ರತೆ ಮೊದಲು ಲೀಟರಿಗೆ 311 ಮಿಲಿಆಸ್ಮೋಲ್ ಇದ್ದು, 2002ರಲ್ಲಿ 245ಕ್ಕೆ ಇಳಿಸಲ್ಪಟ್ಟಿತು. ರಕ್ತದ್ದು 275ರಿಂದ 295ರ ಒಳಗಿರುವುದರಿಂದ, ಮೊದಲಿನದು ರಕ್ತಕ್ಕಿಂತ ತುಸು ಮೇಲೆ, ಈಗಿನದು ತುಸು ಕೆಳಗೆ. ಅಷ್ಟು ಅಂತರದಿಂದಲೇ ಭೇದಿಯ ಪ್ರಮಾಣವೂ ವಾಂತಿಯೂ ಕಡಿಮೆಯಾದುವೆಂದು ಪರೀಕ್ಷೆಗಳಿಂದ ಕಂಡುಬಂದಿತು. ಇಷ್ಟು ನಯವಾಗಿ ತೂಗಿದ ಪುಡಿಯನ್ನು, ‘ಗಟ್ಟಿಯಾಗಿದ್ದರೆ ಒಳ್ಳೆಯದು, ಮಗು ಅಷ್ಟೊಂದು ನೀರು ಕುಡಿಯದು’ ಎಂದು ಒಂದೇ ಲೋಟದಲ್ಲಿ ಕದಡಿ ಕೊಡುವ ಮನೆಗಳು ಉಂಟು. ಲೀಟರಿನದನ್ನು ಇನ್ನೂರು ಮಿಲಿಲೀಟರಿಗೆ ಇಳಿಸಿದರೆ ಸಾಂದ್ರತೆ ಐದು ಪಟ್ಟಾಗಿ 1,200ನ್ನು ಮೀರುತ್ತದೆ. ಅಂತಹ ದ್ರಾವಣವು ಕರುಳಿಗೆ ನೀರನ್ನು ಕೊಡುವ ಬದಲು ಶರೀರದಿಂದಲೇ ನೀರನ್ನು ಸೆಳೆದು, ನಿಲ್ಲಬೇಕಾದ ಭೇದಿಯನ್ನು ಹೆಚ್ಚಿಸುತ್ತದೆ, ರಕ್ತದ ಉಪ್ಪನ್ನೂ ಏರಿಸುತ್ತದೆ. ಭರಣಿಯ ಮಿಡಿಗೆ ನಾವು ಬೇಕೆಂದೇ ಮಾಡುವುದನ್ನು ತೊಟ್ಟಿಲ ಮಗುವಿಗೆ ಅರಿಯದೆ ಮಾಡಿದಂತಾಗುತ್ತದೆ. ‘ಗಟ್ಟಿ’ ಎಂದರೆ ಒಳ್ಳೆಯದು, ‘ತೆಳು’ ಎಂದರೆ ಕೆಟ್ಟದ್ದು ಎಂಬ ಸಾಮಾನ್ಯ ಭಾವನೆಯು ಇಲ್ಲಿ ತಲೆಕೆಳಗಾದುದನ್ನು ಕಾಣಬಹುದು.

ವೈದ್ಯಲೋಕವೂ ಈ ಪ್ರಮಾದಕ್ಕೆ ಹೊರತಾದುದಲ್ಲ. ಸೊರಬ ಸೀಮೆಯ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸತ್ತುಬಿದ್ದು, ಸುತ್ತಣ ಹಳ್ಳಿಗರಿಗೆ ಮಂಗನ ಕಾಯಿಲೆಯೆಂಬ ಹೊಸದೊಂದು ಜ್ವರ ಹತ್ತಿದ 1957ನೆಯ ವರ್ಷದಲ್ಲಿಯೇ, ಅಮೆರಿಕದ ಹಾಲಿಡೇ ಮತ್ತು ಸೀಗರ್ ಎಂಬ ವೈದ್ಯರು ರೋಗಿ ಮಕ್ಕಳಿಗೆ ಸಿರೆಯ ಮೂಲಕ ಎಷ್ಟು ದ್ರವ ಕೊಡಬೇಕೆಂಬ ಸೂತ್ರವೊಂದನ್ನು ಪ್ರಕಟಿಸಿದರು. ಹಾಲಿನಲ್ಲಿರುವ ಲವಣಗಳ ಪ್ರಮಾಣವನ್ನು ಆಧಾರವಾಗಿಟ್ಟುಕೊಂಡ ಆ ಲೆಕ್ಕದ ಪ್ರಕಾರ ಕೊಡತಕ್ಕ ದ್ರವವು ರಕ್ತಕ್ಕೆ ಹೈಪೊಟಾನಿಕ್. ಆರೋಗ್ಯವಂತ ಮಗುವಿಗೆ ಅದು ಸರಿ. ಆದರೆ ಜ್ವರ, ನೋವು, ಶಸ್ತ್ರಚಿಕಿತ್ಸೆಗಳ ಸಂದರ್ಭದಲ್ಲಿ ಶರೀರವು ನೀರನ್ನು ಹೊರಹಾಕದೆ ಹಿಡಿದಿಡುವ ಹಾರ್ಮೋನನ್ನು ಸ್ರವಿಸುವುದರಿಂದ, ಒಳಹೋದ ನೀರು ಅಲ್ಲಿಯೇ ನಿಂತು, ರಕ್ತದ ಸೋಡಿಯಮ್ ಇಳಿದು, ಮಿದುಳು ಊದಿಕೊಂಡು ಸೆಳವು ಬಂದ ಪ್ರಸಂಗಗಳು ನಡೆದುವು. ಅರುವತ್ತು ವರ್ಷಗಳಷ್ಟು ಕಾಲದ ಚರ್ಚೆಯ ಅನಂತರ 2018ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಹುಟ್ಟಿ 28 ದಿನ ಕಳೆದವರಿಂದ ಹಿಡಿದು 18 ವರ್ಷದವರವರೆಗೆ, ಸಾಮಾನ್ಯವಾಗಿ ಐಸೊಟಾನಿಕ್ ದ್ರವವನ್ನೇ ಕೊಡತಕ್ಕದ್ದೆಂದು ಸಲಹೆಮಾಡಿತು. ಇಷ್ಟು ಕಾಲ ಮರೆತುಹೋಗಿದ್ದುದು ‘ಯಾರಿಗೆ ಹೋಲಿಸಿ?’ ಎಂಬ ಪ್ರಶ್ನೆಯೇ: ಹಾಲು ಕುಡಿದು ಆಡುವ ಮಗುವಿನ ಅಳತೆಯನ್ನು ಜ್ವರದಿಂದ ಮಲಗಿದ ಮಗುವಿಗೆ ಹಿಡಿದಿದ್ದರು. ಉಣುಗಿನ ಕಡಿತದಿಂದ ಹಬ್ಬುವ ನಮ್ಮ ಮಂಗನ ಕಾಯಿಲೆಗೆ ಇಂದಿಗೂ ನಿಶ್ಚಿತವಾದ ಮದ್ದಿಲ್ಲ. ದ್ರವದ ಸಮತೋಲವನ್ನು ಕಾಯುವುದೇ ಚಿಕಿತ್ಸೆಯ ಒಂದು ಮುಖ್ಯ ಭಾಗ. ಆದಕಾರಣ ಈ ಚರ್ಚೆ ದೂರದ ಊರಿನದೆಂದು ಭಾವಿಸತಕ್ಕದ್ದಲ್ಲ.

ಇನ್ನು ಸ್ನಾಯುವಿನ ಲೋಕಕ್ಕೆ ಬಂದರೆ ನೆಲವೇ ಬೇರೆ. ಇಲ್ಲಿ ಪೊರೆಯೂ ಇಲ್ಲ, ಉಪ್ಪಿನ ಎಣಿಕೆಯೂ ಇಲ್ಲ. ಮಲಗಿರುವವನ ತೋಳನ್ನು ಪರೀಕ್ಷಕನು ತನ್ನ ಕೈಯಿಂದ ಮಡಿಸಿ ಬಿಡಿಸುವಾಗ, ಆ ಮನುಷ್ಯನು ತಾನಾಗಿ ಏನನ್ನೂ ಮಾಡದಿದ್ದರೂ, ಸ್ನಾಯು ಒಡ್ಡುವ ಪ್ರತಿರೋಧವೆಷ್ಟು ಎಂಬುದೇ ಅಳತೆ. ವಿಶ್ರಾಂತಿಯಲ್ಲಿಯೂ ಉಳಿದಿರುವ ಈ ಬಿಗುವು ಮಾಂಸದ ದ್ರವ್ಯದಲ್ಲಿಯೇ ನೆಲಸಿದೆಯೇ, ಹೊರಗಿನಿಂದ ಬಂದದ್ದೇ? ಶರೀರಕ್ರಿಯಾಶಾಸ್ತ್ರಜ್ಞ ಷೆರಿಂಗ್ಟನ್ 1898ರಲ್ಲಿ ಇದಕ್ಕೆ ನಿರ್ಣಾಯಕವಾದ ಉತ್ತರವನ್ನು ಒದಗಿಸಿದನು. ಮಿದುಳಿನ ಮೇಲ್ಭಾಗವನ್ನು ಬೇರ್ಪಡಿಸಿದ ಬೆಕ್ಕಿನ ಕಾಲುಗಳು ಕಂಬದಂತೆ ಸೆಟೆದುಕೊಂಡುವು; ಆ ಕಾಲಿನಿಂದ ಬೆನ್ನುಹುರಿಗೆ ಸಂವೇದನೆಯನ್ನು ಒಯ್ಯುವ ನರಮೂಲಗಳನ್ನು ಮಾತ್ರ ಕತ್ತರಿಸಿದೊಡನೆ, ಸ್ನಾಯುವೂ ಅದರ ಚಾಲಕ ನರವೂ ಅಕ್ಷತವಾಗಿದ್ದರೂ, ಸೆಟೆತ ಕರಗಿಹೋಯಿತು. ಸ್ನಾಯು ಎಳೆಯಲ್ಪಟ್ಟಾಗ ಅದರೊಳಗಿನ ಸೂಕ್ಷ್ಮಗ್ರಾಹಕಗಳು ವರ್ತಮಾನ ಕಳುಹಿಸುತ್ತವೆ, ಬೆನ್ನುಹುರಿ ಪ್ರತಿಯಾಗಿ ಬಿಗಿಯಾಗೆಂದು ಆಜ್ಞಾಪಿಸುತ್ತದೆ, ಮಿದುಳು ಮೇಲಿನಿಂದ ಆ ಆಜ್ಞೆಯನ್ನು ಹದದಲ್ಲಿಡುತ್ತದೆ. ಈ ಪ್ರತಿಕ್ರಿಯೆಯನ್ನು ಸಹೋದ್ಯೋಗಿ ಲಿಡೆಲ್‌ನೊಡನೆ ಷೆರಿಂಗ್ಟನ್ 1924ರಲ್ಲಿ ವಿಶದೀಕರಿಸಿದನು. ಬಿಗುವು ಹೀಗೆ ಎಡೆಬಿಡದ ಸಂವಾದವೊಂದರ ಫಲ. ಸಂವಾದದ ಯಾವುದೋ ಕೊಂಡಿ ಕಡಿದರೆ ಹೈಪೊಟೋನಿಯಾ. ಮೇಲಿನ ಹಿಡಿತ ತಪ್ಪಿದರೆ ಹೈಪರ್‌ಟೋನಿಯಾ.

ಸ್ನಾಯುವಿನ ಹೆಚ್ಚು-ಕಡಿಮೆಗಳು ವಸ್ತುವಿನ ಗುಣಗಳಲ್ಲವೆಂಬುದಕ್ಕೆ ಎರಡು ಪ್ರಮಾಣಗಳನ್ನು ಮುಂದಿಡಬಹುದು. ಮೊದಲನೆಯದು ಪಾರ್ಶ್ವವಾಯು. ಹೊಡೆತ ಬಿದ್ದ ಮೊದಲ ದಿನಗಳಲ್ಲಿ ಅನೇಕರ ಕೈ ಜೋಲುಬಿದ್ದಿರುತ್ತದೆ. ವಾರಗಳು ಕಳೆದಂತೆ ಅದೇ ಕೈ ಮೊಣಕೈಯಲ್ಲಿ ಮಡಿಸಿಕೊಂಡು ಪೆಡಸಾಗುತ್ತದೆ. ಮಿದುಳಿನಲ್ಲಿ ಆದ ಗಾಯ ಒಂದೇ, ಸ್ನಾಯು ಒಂದೇ, ಕಡಿಮೆಯಾಗಿದ್ದುದು ಹೆಚ್ಚಾಯಿತು. ಎರಡನೆಯದು ವಿಷಗಳ ಸಾಕ್ಷ್ಯ. ಧನುರ್ವಾಯುವಿನ ವಿಷವೂ ಬಾಟ್ಯುಲಿಸಮ್ಮಿನ ವಿಷವೂ ಒಂದೇ ಕುಲದ ಬ್ಯಾಕ್ಟೀರಿಯಾಗಳಿಂದ ಹುಟ್ಟಿದ, ಒಂದನ್ನೊಂದು ಬಹಳವಾಗಿ ಹೋಲುವ ವಸ್ತುಗಳು; ಮೊದಲನೆಯದು ಬೆನ್ನುಹುರಿಯನ್ನು ಸೇರಿ ಅಲ್ಲಿನ ನಿಗ್ರಹಶಕ್ತಿಯನ್ನು ಕೆಡಿಸುವುದರಿಂದ ಬೆನ್ನು ಬಿಲ್ಲಿನಂತೆ ಬಾಗಿ ಸೆಟೆಯುತ್ತದೆ, ಎರಡನೆಯದು ನರವು ಸ್ನಾಯುವನ್ನು ಮುಟ್ಟುವ ಎಡೆಯಲ್ಲಿ ಆಜ್ಞೆಯನ್ನೇ ತಡೆಯುವುದರಿಂದ ಮೈಯೆಲ್ಲ ಸಡಿಲಬೀಳುತ್ತದೆ. ವಿಷ ಎಲ್ಲಿ ಕೆಲಸಮಾಡಿತೆಂಬುದೇ ಇಲ್ಲಿ ಸರ್ವಸ್ವ.

ಸಹಜವೆಂಬುದೂ ಇಲ್ಲಿ ಒಂದೇ ಗೆರೆಯಾಗಿಲ್ಲ. ದಿನ ತುಂಬಿ ಹುಟ್ಟಿದ ಕೂಸು ಕೈಕಾಲುಗಳನ್ನು ಮಡಿಸಿಕೊಂಡು ಮಲಗುತ್ತದೆ. ದಿನ ತುಂಬದೆ ಹುಟ್ಟಿದ ಕೂಸು ಅವನ್ನು ಚಾಚಿ ಸಡಿಲವಾಗಿ ಮಲಗುವುದು ಅದರ ಮಟ್ಟಿಗೆ ಸಹಜವೇ. ನಮಗೆಲ್ಲರಿಗೂ ಕನಸಿನ ನಿದ್ರೆಯಲ್ಲಿ ದೇಹದ ಸ್ನಾಯುಗಳು ಬಹುಪಾಲು ಬಿಗುವನ್ನು ತೊರೆಯುತ್ತವೆ. ಎಚ್ಚರದಲ್ಲಿ ರೋಗವೆನಿಸತಕ್ಕದ್ದು ಅಲ್ಲಿ ಆರೋಗ್ಯ. ಪೆಡಸೆಲ್ಲವೂ ಒಂದೇ ಬಗೆಯದೆಂದೂ ತಿಳಿಯಬಾರದು. ಪಾರ್ಶ್ವವಾಯುವಿನ ಪೆಡಸು ಎಳೆಯುವ ವೇಗ ಹೆಚ್ಚಿದಷ್ಟೂ ಹೆಚ್ಚುತ್ತದೆಂದು 1980ರಲ್ಲಿ ಲ್ಯಾನ್ಸ್ ಎಂಬ ವೈದ್ಯನು ಲಕ್ಷಣ ಹೇಳಿದನು. ಪಾರ್ಕಿನ್ಸನ್ ರೋಗದ ಪೆಡಸು ವೇಗವನ್ನು ಅಷ್ಟಾಗಿ ಲೆಕ್ಕಿಸದೆ ಉದ್ದಕ್ಕೂ ಒಂದೇ ತೆರನಾಗಿರುತ್ತದೆ. ಹೆಚ್ಚಿದ ಬಿಗುವನ್ನೆಲ್ಲ ಇಳಿಸಲೇಬೇಕೆಂಬ ನಿಯಮವೂ ಇಲ್ಲ: ಬಲಗುಂದಿದ ಕಾಲಿನ ಪೆಡಸನ್ನೇ ಊರುಗೋಲು ಮಾಡಿಕೊಂಡು ನಿಲ್ಲುವ ರೋಗಿಗಳುಂಟು, ಅದನ್ನು ಸಡಿಲಿಸುವ ಔಷಧ ಕೊಟ್ಟರೆ ಅವರು ನಿಲ್ಲಲಾರರು.

ಬಿಗುವನ್ನೂ ಬಲವನ್ನೂ ಒಂದೇ ಎಂದೆಣಿಸುವುದು ಜನರಲ್ಲಿ ಎಲ್ಲಕ್ಕಿಂತ ಆಳವಾಗಿ ಬೇರೂರಿದ ಭ್ರಾಂತಿ. ಪೆಡಸಾದ ತೋಳು ಬಹುಮಟ್ಟಿಗೆ ದುರ್ಬಲವೂ ಆಗಿರುತ್ತದೆ. ಸಡಿಲ ಮೈಯ ಕೆಲವು ಮಕ್ಕಳಿಗೆ ಬಲದ ಕೊರತೆ ಅಷ್ಟಾಗಿ ಇರುವುದಿಲ್ಲ. ಆದುದರಿಂದ ಸಡಿಲವಾದ ಕೂಸನ್ನು ಕಂಡೊಡನೆ ‘ಸತ್ವ ಸಾಲದು’ ಎಂದು ಟಾನಿಕ್ಕಿನ ಸೀಸೆಗಳನ್ನು ಒಂದರ ಮೇಲೊಂದು ಮುಗಿಸುತ್ತ ತಿಂಗಳುಗಳನ್ನು ಕಳೆಯುವುದು ಅನರ್ಥಕ್ಕೆ ದಾರಿ. ಅದರ ಹಿಂದೆ ಹೆರಿಗೆಯ ಕಾಲದಲ್ಲಿ ಮಿದುಳಿಗೆ ಆದ ಆಘಾತವಿರಬಹುದು, ಡೌನ್ ಸಿಂಡ್ರೋಮ್ ಇರಬಹುದು, ಬೆನ್ನುಹುರಿಯ ನರಕೋಶಗಳು ಕ್ಷಯಿಸುವ ಆನುವಂಶಿಕ ರೋಗವಿರಬಹುದು, ಥೈರಾಯ್ಡ್ ಗ್ರಂಥಿಯ ಮಾಂದ್ಯವಿರಬಹುದು. ಈ ಕೊನೆಯದಂತೂ ಹುಟ್ಟಿದ ಕೆಲವೇ ವಾರಗಳಲ್ಲಿ ಪತ್ತೆಯಾದರೆ ದಿನಕ್ಕೊಂದು ಗುಳಿಗೆಯಿಂದ ಮಗುವಿನ ಬುದ್ಧಿಶಕ್ತಿಯನ್ನು ಉಳಿಸಬಹುದಾದ ರೋಗ. ತಡವಾದರೆ ಹೋದುದು ಮರಳಿ ಬಾರದು.

ಈ ವಾದಕ್ಕೆ ಬಲವಾದ ಆಕ್ಷೇಪವೊಂದುಂಟು. ರಕ್ತದ ಲವಣಗಳು ಏರುಪೇರಾದರೆ ಸ್ನಾಯುಗಳೂ ಕೆಡುವುದಿಲ್ಲವೆ? ಪೊಟಾಸಿಯಮ್ ಬಹಳ ಇಳಿದವನ ಕಾಲು ಮೇಲೇಳದು. ಕ್ಯಾಲ್ಸಿಯಮ್ ಇಳಿದವನ ಕೈಬೆರಳುಗಳು ಸೆಟೆದುಕೊಳ್ಳುತ್ತವೆ. ಬಿಸಿಲಿನಲ್ಲಿ ಬೆವರು ಸುರಿಸಿ ದುಡಿದವನ ಮೀನಖಂಡ ಹಿಡಿದುಕೊಳ್ಳುತ್ತದೆ. ಹಾಗಾದರೆ ಎರಡು ಲೋಕಗಳು ಬೇರೆಯೆನ್ನುವುದೆಂತು? ಸಂಗತಿಗಳೆಲ್ಲ ನಿಜ, ಆದರೆ ಅವು ಆಕ್ಷೇಪಕ್ಕಿಂತ ನಮ್ಮ ಪಕ್ಷವನ್ನೇ ಪೋಷಿಸುತ್ತವೆ. ಇಂಗ್ಲೆಂಡಿನ ಕಲ್ಲಿದ್ದಲಿನ ಆಳವಾದ ಬಿಸಿ ಗಣಿಗಳಲ್ಲಿ ಬೆವರಿನೊಡನೆ ಉಪ್ಪನ್ನು ಕಳೆದುಕೊಂಡು ಬರಿಯ ನೀರನ್ನೇ ಹೇರಳವಾಗಿ ಕುಡಿದ ಕೆಲಸಗಾರರಿಗೆ ತೀವ್ರವಾದ ಸ್ನಾಯುಸೆಳೆತ ಬರುತ್ತಿದ್ದುದನ್ನೂ ನೀರಿಗೆ ಸ್ವಲ್ಪ ಉಪ್ಪು ಬೆರೆಸಿದಾಗ ಅದು ತಗ್ಗಿದುದನ್ನೂ 1920ರ ದಶಕದಲ್ಲಿ ಮಾಸ್, ಹಾಲ್ಡೇನ್ ಮೊದಲಾದ ವಿಜ್ಞಾನಿಗಳು ವಿವರಿಸಿದರು. ಸೆಳೆತವು ಶಾಸ್ತ್ರದ ಕಟ್ಟುನಿಟ್ಟಿನ ಅರ್ಥದಲ್ಲಿ ಹೈಪರ್‌ಟೋನಿಯಾ ಅಲ್ಲವಾದರೂ, ರಕ್ತವು ಹೈಪೊ ಆದಾಗ ಸ್ನಾಯುಗಳು ಸಡಿಲವಾಗುವುದಕ್ಕೆ ಬದಲಾಗಿ ಗಂಟಿಕ್ಕಿಕೊಂಡುವೆಂಬುದನ್ನು ನೋಡಬೇಕು. ಒಂದರ ಕಡಿಮೆಯು ಇನ್ನೊಂದರ ಕಡಿಮೆಯೇ ಆಗಿದ್ದರೆ ಹೀಗಾಗುತ್ತಿರಲಿಲ್ಲ. ಲವಣಗಳು ಸ್ನಾಯುವನ್ನು ತಟ್ಟುವುದುಂಟು, ಆದರೆ ಒಂದೊಂದು ಲವಣಕ್ಕೂ ಒಂದೊಂದು ದಾರಿಯುಂಟು. ಆ ದಾರಿಯನ್ನು ರಕ್ತಪರೀಕ್ಷೆಯಿಂದ ಅರಿತು ನಡೆಯಬೇಕಲ್ಲದೆ, ಗ್ಲೂಕೋಸಿನ ಬಾಟ್ಲಿಯೊಂದನ್ನು ಸರ್ವರೋಗಕ್ಕೂ ಏರಿಸುವುದರಿಂದ ಅದು ಸಿಗದು.

ಇವೆಲ್ಲ ವೈದ್ಯರು ತಿಳಿದಿರಬೇಕಾದುವು, ಗದ್ದೆ ತೋಟಗಳಲ್ಲಿ ದುಡಿಯುವವನಿಗೆ ಇವುಗಳ ಗೊಡವೆಯೇಕೆ ಎಂದು ಕೇಳುವವರಿದ್ದಾರೆ. ಆದರೆ ಪುಡಿಯನ್ನು ಲೋಟದಲ್ಲಿ ಕದಡುವವಳು ತಾಯಿ. ಬಾಟ್ಲಿ ಹಾಕಿಸೆಂದು ಹಟ ಹಿಡಿಯುವವನು ರೋಗಿ. ಕೂಸು ಮೂರು ತಿಂಗಳಾದರೂ ಕತ್ತು ನಿಲ್ಲಿಸಲಿಲ್ಲವೆಂಬುದನ್ನು ಮೊದಲು ಕಾಣುವವಳು ಅಜ್ಜಿ. ನಿರ್ಣಯದ ಬಹುಭಾಗ ಮನೆಯಲ್ಲಿಯೇ ನಡೆದುಹೋಗುವಾಗ ತಿಳಿವಳಿಕೆಯನ್ನು ಆಸ್ಪತ್ರೆಯಲ್ಲಿ ಕೂಡಿಹಾಕುವುದರಿಂದ ಪ್ರಯೋಜನವೇನು? ಜನಸಾಮಾನ್ಯರ ಕಣ್ಣಿಗೆ ಲಕ್ಷಣವೊಂದನ್ನು ಗುರುತಿಸಲು ಕಲಿಸಿದರೆ ಏನಾದೀತೆಂಬುದಕ್ಕೆ ಈ ದೇಶದಲ್ಲಿಯೇ ಮಹತ್ತಾದ ನಿದರ್ಶನವಿದೆ. ಹದಿನೈದು ವರ್ಷದೊಳಗಿನ ಯಾವ ಮಗುವಿನ ಕೈಯಾಗಲಿ ಕಾಲಾಗಲಿ ಹಠಾತ್ತಾಗಿ ಸಡಿಲಬಿದ್ದರೂ ಒಡನೆ ವರದಿಮಾಡತಕ್ಕದ್ದೆಂಬ ವ್ಯವಸ್ಥೆ 1997ರಿಂದ ಭಾರತದಲ್ಲಿ ಬಳಕೆಗೆ ಬಂದಿತು. ಕಾರಣವನ್ನು ಊಹಿಸುವ ಹೊಣೆ ಹಳ್ಳಿಗರದಲ್ಲ, ಸಡಿಲತೆಯನ್ನು ಕಂಡು ತಿಳಿಸುವ ಹೊಣೆ ಮಾತ್ರ ಅವರದು. ಪೋಲಿಯೊ ಲಸಿಕೆಯೊಡನೆ ಈ ಎಚ್ಚರವೂ ಸೇರಿ, 2011ರ ಜನವರಿಯ ಅನಂತರ ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಪ್ರಕರಣ ಕಾಣದೆ, 2014ರ ಮಾರ್ಚ್ 27ರಂದು ಭಾರತವು ಒಳಗೊಂಡ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಗಮನಿಸಿ: ಸಡಿಲಬಿದ್ದ ಕಾಲಿಗೆ ಇಲ್ಲಿ ಯಾರೂ ಟಾನಿಕ್ ಕೊಡಲಿಲ್ಲ, ಸಡಿಲತೆಯನ್ನು ಬೇರೆಲ್ಲಿಯೋ ನಡೆದ ಹಾನಿಯ ಕುರುಹಾಗಿ ಓದಿದರು.

ಈ ಸೀಮೆಯಲ್ಲಿ ರೋಗಿಗಳ ಮೇಲಣ ಕರುಣೆಗೆ ಎಂದೂ ಬರವಿದ್ದುದಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನವು, ಆ ಮಠವನ್ನು ದೀನರಿಗೂ ಅಂಗಹೀನರಿಗೂ ಅನ್ನವಿಕ್ಕುವ, ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದು ವರ್ಣಿಸುತ್ತದೆ. ಎಂಟೂವರೆ ಶತಮಾನಗಳ ಹಿಂದೆಯೇ ಅಂತಹ ಸಂಸ್ಥೆಯನ್ನು ಪೋಷಿಸಿದ ನೆಲದಲ್ಲಿ ಇಂದು ಕಡಿಮೆಯಾಗಿರುವುದು ಕೊಡುವ ಮನಸ್ಸಲ್ಲ, ಏನನ್ನು ಕೊಡಬೇಕೆಂಬ ವಿವೇಚನೆ. ಬಾಟ್ಲಿಯಿಂದ ತೊಟ್ಟಿಕ್ಕುವ ದ್ರವವು ಕಣ್ಣಿಗೆ ಕಾಣುವ ದಾನ. ಆದುದರಿಂದ ಕೇಳುವವನಿಗೂ ತೃಪ್ತಿ, ಕೊಡುವವನಿಗೂ ಅನುಕೂಲ. ಕೈಯಿಂದ ತೋಳನ್ನು ಮಡಿಸಿ ನೋಡುವುದು, ಕೂಸಿನ ಕತ್ತನ್ನು ಪರೀಕ್ಷಿಸುವುದು, ಪುಡಿಯನ್ನು ಎಷ್ಟು ನೀರಿಗೆ ಹಾಕಿದಿರೆಂದು ಕೇಳುವುದು ಇವುಗಳಿಗೆ ಬೆಲೆಪಟ್ಟಿಯಲ್ಲಿ ಸ್ಥಳವಿಲ್ಲ. ವೈದ್ಯರು ಬಾಟ್ಲಿಯ ಕೋರಿಕೆಗೆ ಮಣಿಯುವುದನ್ನು ಬಿಟ್ಟು, ಅದನ್ನೇ ಪಾಠ ಹೇಳುವ ಅವಕಾಶವಾಗಿ ಹಿಡಿಯಬೇಕಾಗಿದೆ.

ಆ ಪಾಠ ದೊಡ್ಡದೇನೂ ಅಲ್ಲ. ದ್ರವದ ಮಾತು ಬಂದಾಗ, ಇದು ರಕ್ತಕ್ಕಿಂತ ಗಟ್ಟಿಯೋ ತೆಳುವೋ ಸಮವೋ, ಒಳಹೊಕ್ಕ ಮೇಲೂ ಹಾಗೆಯೇ ಉಳಿಯುವುದೋ ಎಂದು ಕೇಳಬೇಕು. ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟು ನೀರಿನಲ್ಲಿಯೇ ಕರಗಿಸಬೇಕು. ಬಾಯಿಂದ ಕುಡಿಯಬಲ್ಲವನು ಬಾಯಿಂದಲೇ ಕುಡಿಯಬೇಕು. ಸ್ನಾಯುವಿನ ಮಾತು ಬಂದಾಗ, ಈ ಸಡಿಲ ಅಥವಾ ಪೆಡಸು ಈ ವಯಸ್ಸಿಗೆ ಸಹಜವೋ, ಎಂದಿನಿಂದ ಬಂದಿತು, ಆಜ್ಞೆ ಎಲ್ಲಿ ತಪ್ಪಿತು ಎಂದು ಕೇಳಬೇಕು. ಉತ್ತರ ದೊರೆಯುವವರೆಗೆ ಟಾನಿಕ್ಕಿಗೆ ಕೈಹಾಕಬಾರದು. ಮೊದಲನೆಯದು ಅಳತೆಯ ವಿಷಯ, ಕೆಲವು ಗಂಟೆಗಳಲ್ಲಿ ಸರಿಪಡಿಸತಕ್ಕದ್ದು. ಎರಡನೆಯದು ನಿದಾನದ ವಿಷಯ, ಒಮ್ಮೊಮ್ಮೆ ಆಯುಷ್ಯವಿಡೀ ವ್ಯಾಯಾಮದಿಂದಲೂ ಸಹನೆಯಿಂದಲೂ ನಿರ್ವಹಿಸತಕ್ಕದ್ದು. ಒಂದಕ್ಕೆ ತಕ್ಕ ಉಪಾಯವನ್ನು ಇನ್ನೊಂದಕ್ಕೆ ಹಚ್ಚುವ ಕುಟುಂಬವು ಹಣವನ್ನು ಕಳೆದುಕೊಳ್ಳುವುದು ಅಲ್ಪನಷ್ಟ. ಪತ್ತೆಯಾಗಬೇಕಾಗಿದ್ದ ರೋಗವು ಆ ಅವಧಿಯಲ್ಲಿ ಬೇರೂರುವುದೇ ದೊಡ್ಡ ನಷ್ಟ, ಮತ್ತು ಅದನ್ನು ಯಾವ ಬಾಟ್ಲಿಯೂ ತುಂಬಿಕೊಡಲಾರದು.